ರೈಲು ನಿಂತುಹೋದ ಮೇಲೆ

ಕಳೆದ ಸಲ ಇದೇ ಅಂಕಣದಲ್ಲಿ ಇಲ್ಲಿನ ಮಳೆಯ ಬಗ್ಗೆ ಬರೆದು, ಮಲೆನಾಡಿನವನಿಗೆ ಇದೊಂದು ಮಳೆಯೇ ಅಂತ ಕೊಚ್ಚಿಕೊಂಡಿದ್ದೆ. ಮರುವಾರವೇ ನೆಗಡಿ ಹಿಡಿದು ಮೂರು ದಿನ ಮಲಗಿದೆ. ಆ ಸುದ್ದಿ ಈಗ ಬೇಡ. ಈ ಸಲ ರೈಲಿನ ವಿಷಯ.

ಪ್ರಾಜೆಕ್ಟ್ ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಯ್ತು. ವಾಸ ಸ್ಟಾಫರ್ಡ್ ಅನ್ನೋ ಊರಿನಲ್ಲಿ, ಆಫೀಸು ಸ್ಟೋಕ್-ಆನ್-ಟ್ರೆಂಟ್‌ನಲ್ಲಿ. ದಿನಾ ರೈಲಿನಲ್ಲೇ ಓಡಾಟ. ನಡುವೆ ಸ್ಟೋನ್ ಅಂತ ಒಂದು ಚಿಕ್ಕ ಊರು ಬರುತ್ತೆ, ಅಲ್ಲಿ ನಿಲ್ಲುತ್ತೆ. ಅದಾದ ಮೇಲೆ ಎರಡು ಕಡೆ ಪ್ಲಾಟ್‌ಫಾರ್ಮ್ ಕಾಣುತ್ತೆ. ಪಕ್ಕದ ಲೆವೆಲ್ ಕ್ರಾಸಿಂಗಿನಲ್ಲಿ ಗೇಟು ಹಾಕಿರುತ್ತೆ, ಆಚೆ ಕಾರುಗಳು ಕಾಯ್ತಾ ಇರುತ್ತವೆ. ನಮ್ಮ ರೈಲು ಮಾತ್ರ ನಿಲ್ಲಲ್ಲ. ಬೇರೆ ರೈಲು ನಿಲ್ಲುತ್ತೇನೋ ಅಂದುಕೊಂಡಿದ್ದೆ. ಯಾವ ರೈಲೂ ನಿಲ್ಲಲ್ಲವಂತೆ, ಇಪ್ಪತ್ತು ವರ್ಷದ ಮೇಲಾಯ್ತಂತೆ. ಒಂದರ ಹೆಸರು ಬಾರ್ಲಾಸ್ಟನ್, ಇನ್ನೊಂದು ವೆಜ್‌ವುಡ್. ಪಿಂಗಾಣಿ ಕಪ್ಪು-ಸಾಸರಿನ ವೆಜ್‌ವುಡ್ ಇದೆಯಲ್ಲ, ಆ ಕಾರ್ಖಾನೆಗೆ ಬರುವವರಿಗೆ ಅಂತಲೇ 1940ರಲ್ಲಿ ಮಾಡಿದ ಸ್ಟೇಷನ್.

"ಮುಚ್ಚಿಬಿಟ್ಟಿದ್ದಾರಾ?" ಅಂತ ಆಫೀಸಿನಲ್ಲಿ ಒಬ್ಬ ಹಿರಿಯ ಸಹೋದ್ಯೋಗಿಯನ್ನು ಕೇಳಿದೆ. "ಇಲ್ಲ ಇಲ್ಲ, ಮುಚ್ಚಿಲ್ಲ. ರೈಲು ನಿಲ್ಲಲ್ಲ ಅಷ್ಟೇ. ಮುಚ್ಚಿದ್ದು ನೋಡಬೇಕಾದರೆ ನಾರ್ಟನ್ ಬ್ರಿಡ್ಜ್‌ಗೆ ಹೋಗು" ಅಂದರು.

ರೈಲು ನಿಲ್ಲದಿರೋದು ಬೇರೆ, ಸ್ಟೇಷನ್ ಮುಚ್ಚೋದು ಬೇರೆ ಅನ್ನೋದೇ ನನಗೆ ಹೊಸದು. (ನಮ್ಮ ಭಾಷೆ ಇನ್ನೂ ಸ್ವಾರಸ್ಯದ್ದು. 'ಆ ಊರಲ್ಲಿ ರೈಲು ನಿಂತಿತು' ಅಂದರೆ ರೈಲು ಬಂದು ನಿಂತಿತು ಅಂತಲೂ ಆಗುತ್ತೆ, ಬರೋದೇ ನಿಂತುಹೋಯಿತು ಅಂತಲೂ ಆಗುತ್ತೆ.) ಆವತ್ತು ರಾತ್ರಿ ಕೂತು ನಾರ್ಟನ್ ಬ್ರಿಡ್ಜ್ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ.

ನಾರ್ಟನ್ ಬ್ರಿಡ್ಜ್ ಸ್ಟಾಫರ್ಡ್ ಮತ್ತು ಸ್ಟೋನ್ ನಡುವಿನ ಒಂದು ಹಳ್ಳಿ. ಅಲ್ಲಿನ ಸ್ಟೇಷನ್ ಶುರುವಾಗಿದ್ದು 1837ರ ಜುಲೈ 4ಕ್ಕೆ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಆಗಿನ್ನೂ ಎರಡೇ ವಾರ. ನಮ್ಮಲ್ಲಿ ಬೊಂಬಾಯಿಯಿಂದ ಠಾಣೆಗೆ ಮೊದಲ ರೈಲು ಹೊರಡೋಕೆ ಇನ್ನೂ 16 ವರ್ಷ ಬಾಕಿ. ಬರ್ಮಿಂಗ್‌ಹ್ಯಾಮನ್ನು ಲಿವರ್‌ಪೂಲ್, ಮ್ಯಾಂಚೆಸ್ಟರ್ ಕಡೆಗೆ ಸೇರಿಸಿದ ಗ್ರ್ಯಾಂಡ್ ಜಂಕ್ಷನ್ ರೈಲ್ವೆಯ ದಾರಿ ಅದು. 1848ರಲ್ಲಿ ಸ್ಟೋಕ್ ಕಡೆಗೆ ಒಂದು ಕವಲು ಹೊರಟು, ನಾರ್ಟನ್ ಬ್ರಿಡ್ಜ್ ಜಂಕ್ಷನ್ ಆಯ್ತು. ಇವತ್ತು ಲಂಡನ್ನಿನಿಂದ ಗ್ಲ್ಯಾಸ್ಗೋಗೆ ಹೋಗುವ ಮುಖ್ಯ ದಾರಿಯೂ ಅದರ ಮೇಲೆಯೇ.

ಮುಖ್ಯ ದಾರಿಯಲ್ಲಿ ಇರೋದೇ ಅದಕ್ಕೆ ಮುಳುವಾಯ್ತು ಅಂತ ನನಗನ್ನಿಸುತ್ತೆ. ಗಂಟೆಗೆ ನೂರು ಮೈಲಿಗೂ ಮೇಲೆ ಓಡುವ ರೈಲುಗಳ ನಡುವೆ ಒಂದು ಪ್ಯಾಸೆಂಜರ್ ರೈಲು ಹಳ್ಳಿಯಲ್ಲಿ ಅರ್ಧ ನಿಮಿಷ ನಿಲ್ಲಬೇಕು ಅಂದರೆ ಅದು ಮೊದಲೇ ವೇಗ ಇಳಿಸಬೇಕು, ಹೊರಟ ಮೇಲೆ ಮತ್ತೆ ಏರಿಸಬೇಕು. ಅಷ್ಟೂ ಹೊತ್ತು ಹಳಿ ಅದರ ಕೈಯಲ್ಲಿ. ಹಿಂದಿನ ರೈಲು ಕಾಯಬೇಕು. ನಮ್ಮ ಬೆಂಗಳೂರಿನ ರಸ್ತೆಯಲ್ಲಿ ಒಂದು ಆಟೋ ಎಡಕ್ಕೆ ನಿಂತರೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಈ ದಾರಿಯನ್ನು ದೊಡ್ಡದಾಗಿ ದುರಸ್ತಿ ಮಾಡಿ ವೇಗ ಹೆಚ್ಚಿಸುವ ಕೆಲಸ ನಡೆದಾಗ, ಸಣ್ಣ ಸ್ಟೇಷನ್ನುಗಳ ರೈಲು ತೆಗೆದು ಬದಲಿಗೆ ಬಸ್ಸು ಬಿಟ್ಟರು. ನಾರ್ಟನ್ ಬ್ರಿಡ್ಜ್‌ನಲ್ಲಿ ರೈಲು ನಿಲ್ಲೋದು 2004ರಲ್ಲಿ ಕೊನೆಯಾಯ್ತು.

ಆದರೆ ಸ್ಟೇಷನ್ ಮುಚ್ಚಲಿಲ್ಲ. ಮುಚ್ಚೋದು ಈ ದೇಶದಲ್ಲಿ ಸುಲಭದ ಕೆಲಸ ಅಲ್ಲ. 1963ರಲ್ಲಿ ಬೀಚಿಂಗ್ ಅನ್ನುವವರು ಕೊಟ್ಟ ವರದಿಯಲ್ಲಿ ಒಂದೇ ಏಟಿಗೆ 2,363 ಸ್ಟೇಷನ್ ಮುಚ್ಚಿ ಅಂತ ಇತ್ತು. ಎಷ್ಟೋ ಮುಚ್ಚಿದವು ಕೂಡ. ಆ ಹೆಸರು ಹೇಳಿದರೆ ಇಲ್ಲಿನ ವಯಸ್ಸಾದವರು ಇವತ್ತಿಗೂ ಮುಖ ಸಿಂಡರಿಸುತ್ತಾರೆ. ಈಗಿರುವುದು 2005ರ ಕಾಯಿದೆ. ಅದರ ಪ್ರಕಾರ ಮುಚ್ಚಬೇಕು ಅನ್ನುವವರು ಮೊದಲು ಅದರಿಂದ ಲಾಭ ಎಷ್ಟು, ಯಾರಿಗೆ ಏನು ತೊಂದರೆ ಅಂತ ಲೆಕ್ಕ ತೋರಿಸಬೇಕು. ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಕಡಿಮೆ ಅಂದರೆ 12 ವಾರ ಜನರ ಅಭಿಪ್ರಾಯಕ್ಕೆ ಕಾಯಬೇಕು. ಆಮೇಲೆ ಆಫೀಸ್ ಆಫ್ ರೈಲ್ ಅಂಡ್ ರೋಡ್ ಅನ್ನುವ ನಿಯಂತ್ರಣ ಸಂಸ್ಥೆ ಅದನ್ನೆಲ್ಲ ನೋಡಿ ಒಪ್ಪಿಗೆ ಕೊಡಬೇಕು. ಒಪ್ಪದೆಯೂ ಇರಬಹುದು.

ಇಷ್ಟೆಲ್ಲ ತಾಪತ್ರಯ ಯಾರಿಗೆ ಬೇಕು? ಹಾಗಾಗಿ ಮುಚ್ಚದೆಯೇ ಮುಚ್ಚುವ ದಾರಿಗಳು ಹುಟ್ಟಿಕೊಂಡವು. ವಾರಕ್ಕೆ ಒಂದೇ ಒಂದು ರೈಲು ಓಡಿಸೋದು ಒಂದು ಉಪಾಯ. ಮ್ಯಾಂಚೆಸ್ಟರ್ ಹತ್ತಿರ ಡೆಂಟನ್ ಅನ್ನುವ ಸ್ಟೇಷನ್ನಿಗೆ ವರ್ಷಗಟ್ಟಲೆ ಹಾಗೆ ವಾರಕ್ಕೊಂದೇ ರೈಲು ಬರುತ್ತಿತ್ತು. ಅಂಥದ್ದಕ್ಕೆ ಇಲ್ಲಿಯವರು 'ಪಾರ್ಲಿಮೆಂಟರಿ ಟ್ರೈನ್' ಅಂತಾರೆ. ಆ ಹೆಸರಿನ ಮೂಲ 1844ರ ಕಾಯಿದೆಯಲ್ಲಿದೆ. ಬಡವರಿಗಾಗಿ ದಿನಕ್ಕೆ ಒಂದಾದರೂ ರೈಲು ಓಡಿಸಲೇಬೇಕು, ಮೈಲಿಗೆ ಒಂದು ಪೆನ್ನಿಗಿಂತ ಹೆಚ್ಚು ತೆಗೆದುಕೊಳ್ಳಬಾರದು, ಮಳೆ ಬೀಳದ ಹಾಗೆ ಮೇಲೆ ಸೂರಿರಬೇಕು ಅಂತ ಆಗ ಪಾರ್ಲಿಮೆಂಟು ಕಂಪನಿಗಳನ್ನು ಕಟ್ಟಿಹಾಕಿತ್ತು. ಬಡವರಿಗೆ ರೈಲು ಸಿಗಲಿ ಅಂತ ಹುಟ್ಟಿದ ಹೆಸರು ಈಗ ಯಾರೂ ಹತ್ತದ ರೈಲಿಗೆ ಅಂಟಿಕೊಂಡಿದೆ. ಇನ್ನೊಂದು ಉಪಾಯ, ಬಸ್ಸು. ಬಸ್ಸು ಓಡುವ ತನಕ ಕಾಗದದ ಮೇಲೆ ಸ್ಟೇಷನ್ ಜೀವಂತ.

ನಾರ್ಟನ್ ಬ್ರಿಡ್ಜ್ ಹೀಗೆ ಕಾಗದದ ಮೇಲೆ 13 ವರ್ಷ ಬದುಕಿತ್ತು. ವೇಳಾಪಟ್ಟಿಯಲ್ಲಿ ಹೆಸರಿತ್ತು, ರೈಲು ಇರಲಿಲ್ಲ. ತಮಾಷೆ ಅಂದರೆ ಅಲ್ಲೇ ಹತ್ತಿರ ಕೋಲ್ಡ್ ಮೀಸ್ ಅಂತ ಇದಕ್ಕೆ ತದ್ವಿರುದ್ಧವಾದ ಒಂದು ಸ್ಟೇಷನ್ ಇತ್ತು. ಎರಡನೇ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಗೆ ಹೋಗುವವರಿಗಾಗಿ ಕಟ್ಟಿದ್ದು. ಅಲ್ಲಿಗೆ ರೈಲಿನ ಮೇಲೆ ರೈಲು, ಜನರ ಮೇಲೆ ಜನ. ಸಾರ್ವಜನಿಕ ವೇಳಾಪಟ್ಟಿಯಲ್ಲಿ ಮಾತ್ರ ಅದರ ಹೆಸರು ಒಂದು ದಿನವೂ ಬರಲಿಲ್ಲ.

ಒಂದು ಶನಿವಾರ ಸ್ಟೋನ್‌ನಲ್ಲಿ ಇಳಿದು ನಾರ್ಟನ್ ಬ್ರಿಡ್ಜ್‌ಗೆ ನಡೆದೇ ಹೊರಟೆ. ಸುಮಾರು ಆರು ಕಿಲೋಮೀಟರ್ ಇರಬಹುದು. ನೆಗಡಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಹೋಗುವಾಗ ಏನೋ ಸಿಗುತ್ತೆ ಅಂದುಕೊಂಡಿದ್ದೆ. ತುಕ್ಕು ಹಿಡಿದ ಬೋರ್ಡು, ಮುರಿದ ಬೆಂಚು, ಕಿಟಕಿ ಒಡೆದ ಟಿಕೆಟ್ ಕೌಂಟರು, ಹೀಗೆ. ಫೋಟೋ ಹಾಕಬಹುದಲ್ಲ ಅನ್ನೋ ಆಸೆ. ಅಂಥದ್ದೇನೂ ಇಲ್ಲ. ರಸ್ತೆ ಸೇತುವೆ, ಕೆಳಗೆ ಹಳಿ, ಮೇಲೆ ತಂತಿ. ನಾನು ನಿಂತ ಹತ್ತು ನಿಮಿಷದಲ್ಲಿ ಎರಡು ಪೆಂಡೊಲಿನೊ ರೈಲು ಹೋದವು. ಬಂತು ಅನ್ನುವಷ್ಟರಲ್ಲಿ ಹೋಗಿರುತ್ತೆ. ರಸ್ತೆಗೆ ಸ್ಟೇಷನ್ ರೋಡ್ ಅನ್ನೋ ಹೆಸರು ಉಳಿದಿದೆ.

ನಾಯಿ ಹಿಡಿದುಕೊಂಡು ಬಂದ ಒಬ್ಬ ಅಜ್ಜಿ ನನ್ನನ್ನು ನೋಡಿ, ದಾರಿ ತಪ್ಪಿದ್ದೀಯಾ ಮಗಾ ಅನ್ನೋ ಧಾಟಿಯಲ್ಲಿ ಮಾತಾಡಿಸಿದರು. ಸ್ಟೇಷನ್ ನೋಡೋಕೆ ಬಂದೆ ಅಂದೆ. ನಕ್ಕರು. "ಅದು ಎರಡು ಹಳಿಗಳ ನಡುವೆ ಇದ್ದ ಪ್ಲಾಟ್‌ಫಾರ್ಮು. ಹೋಗಬೇಕು ಅಂದರೆ ಮೆಟ್ಟಿಲಿನ ಸೇತುವೆ ಹತ್ತಿ ಇಳಿಯಬೇಕಿತ್ತು. ರೈಲು ನಿಂತ ಮೇಲೆ ಆ ಸೇತುವೆಯನ್ನೂ ಬಿಚ್ಚಿಕೊಂಡು ಹೋದರು. ಆಮೇಲೆ ರೈಲು ನಿಂತರೂ ಹತ್ತೋದು ಹೇಗೆ ಹೇಳು?"

ಮುಚ್ಚುವ ಮೊದಲು ಜನರನ್ನು ಕೇಳಿದರಂತಲ್ಲ, ನೀವೇನು ಬರೆದಿರಿ ಅಂದೆ.

"ಮುಚ್ಚಿ ಅಂತ ಬರೆದೆ. ಇನ್ನೇನು ಬರೀಲಿ? ಮೊದಲೇ ಕೇಳಿದ್ದರೆ ಬೇರೆ ಬರೀತಿದ್ದೆ."

ಅಲ್ಲಿಂದ ಇನ್ನೊಂದು ಸ್ವಲ್ಪ ನಡೆದರೆ ಶಾಲೋಫರ್ಡ್ ಅನ್ನೋ ಕಡೆ ಐಸಾಕ್ ವಾಲ್ಟನ್ನನ ಮನೆ ಇದೆ. 1653ರಲ್ಲಿ ಗಾಳ ಹಾಕಿ ಮೀನು ಹಿಡಿಯೋದರ ಬಗ್ಗೆ ಪುಸ್ತಕ ಬರೆದು ಹೆಸರಾದವನು. ಮನೆಯ ಪಕ್ಕದಲ್ಲೇ ಹಳಿ. ಉಗಿಬಂಡಿಯ ಕಾಲದಲ್ಲಿ ಕಿಡಿ ಹಾರಿ ಆ ಮನೆಯ ಹುಲ್ಲಿನ ಮಾಡಿಗೆ ಬೆಂಕಿ ಬಿದ್ದಿತ್ತಂತೆ, ಅದೂ ಒಂದು ಸಲ ಅಲ್ಲ. ಕಾಲಿಗೆ ಬೊಬ್ಬೆ ಬಂದಿತ್ತು. ಹೊರಗಿನಿಂದಲೇ ನೋಡಿ ಬಂದೆ.

ನಾರ್ಟನ್ ಬ್ರಿಡ್ಜ್ ಹತ್ತಿರ ರೈಲಿಗೆ ದುಡ್ಡು ಸುರಿಯಲಿಲ್ಲ ಅಂತೇನಿಲ್ಲ. ಸ್ಟಾಫರ್ಡ್ ಸುತ್ತಮುತ್ತ 25 ಕೋಟಿ ಪೌಂಡಿನ ಕೆಲಸ ನಡೆಯಿತು. ಅದರಲ್ಲಿ ನಾರ್ಟನ್ ಬ್ರಿಡ್ಜ್‌ನಲ್ಲಿ ರೈಲಿನ ಮೇಲೆ ರೈಲು ದಾಟುವ ಫ್ಲೈಓವರು, ಆರು ಮೈಲಿ ಹೊಸ ಹಳಿ, 11 ಸೇತುವೆ. 2016ರಲ್ಲಿ ಅದರ ಮೇಲೆ ರೈಲು ಓಡಿತು. ಹನ್ನೊಂದು ಸೇತುವೆ ಕಟ್ಟಿದರು, ಪ್ಲಾಟ್‌ಫಾರ್ಮಿಗೆ ಹೋಗುವ ಒಂದು ಮಾತ್ರ ಇರಲಿಲ್ಲ. ಮರುವರ್ಷ, 2017ರ ಡಿಸೆಂಬರ್ 10ಕ್ಕೆ ಸ್ಟೇಷನ್ ಅಧಿಕೃತವಾಗಿ ಮುಚ್ಚಿತು. ಶುರುವಾಗಿ 180 ವರ್ಷ, ರೈಲು ನಿಂತು 13 ವರ್ಷ.

ಮುಚ್ಚಿದ್ದು ತಪ್ಪು ಅಂತ ನಾನು ಹೇಳೋಕೆ ಹೊರಟಿಲ್ಲ. ಊರು ಸಣ್ಣದು, ಸ್ಟೇಷನ್ನೂ ಸಣ್ಣದು. ಖರ್ಚಿನ ಲೆಕ್ಕ ಹಾಕಿದರೆ ನಾನೂ ಬಹುಶಃ ಅದನ್ನೇ ಹೇಳುತ್ತಿದ್ದೆ. ಪಕ್ಕದ ಸ್ಟೋನ್ ಸ್ಟೇಷನ್ನಿಗೂ ಹೀಗೇ ರೈಲು ತಪ್ಪಿತ್ತು. ಅದು ಸ್ವಲ್ಪ ದೊಡ್ಡ ಊರು, 2008ರಲ್ಲಿ ರೈಲು ವಾಪಸ್ ಬಂತು. ಸ್ಟೋಕ್ ಆಚೆಯ ಎಟ್ರೂರಿಯ ಅನ್ನೋದನ್ನು 2005ರಲ್ಲೇ ಮುಚ್ಚಿದರು, ಕಥೆ ಮುಗೀತು. ಒಂದೇ ಜಿಲ್ಲೆ, ಹತ್ತಿರ ಹತ್ತಿರದ ಸ್ಟೇಷನ್ನುಗಳು, ಒಂದೊಂದರದ್ದು ಒಂದೊಂದು ಹಣೆಬರಹ.

ನನ್ನನ್ನು ಕಾಡಿದ್ದು ಆ ಮೆಟ್ಟಿಲಿನ ಸೇತುವೆ. ಅದಕ್ಕೆ ಕಾರಣ ಆಫೀಸಿನಲ್ಲಿದೆ.

ನಮ್ಮ ತಂಡದ ಕೆಲಸ ಅಂದರೆ ಗೋದಾಮಿನ ಲೆಕ್ಕ ಇಡುವ ಒಂದು ಹಳೇ ಸಾಫ್ಟ್‌ವೇರನ್ನು ಹೊಸದಕ್ಕೆ ಸಾಗಿಸೋದು. ಹಳೆಯದರಲ್ಲಿ ನೂರಾರು ಪುಟ. ಎಲ್ಲವನ್ನೂ ಹೊಸದಾಗಿ ಬರೆಯೋಕೆ ಪುರುಸೊತ್ತಿಲ್ಲ. ಯಾವುದನ್ನು ಯಾರೂ ಬಳಸಲ್ಲವೋ ಅದನ್ನು ಬಿಟ್ಟುಬಿಡೋಣ ಅಂತ ಆಯ್ತು. ಪಟ್ಟಿ ಮಾಡುವ ಕೆಲಸ ನನ್ನದು. ಯಾರು ಯಾವ ಪುಟ ಯಾವಾಗ ತೆರೆದರು ಅಂತ ದಾಖಲೆ ಇರುತ್ತೆ. ಆರು ತಿಂಗಳದ್ದು ತೆಗೆದು ಎಣಿಸಿದೆ. ತಿಂಗಳ ಕೊನೆಯ ಒಂದು ರಿಪೋರ್ಟ್ ಪುಟಕ್ಕೆ ಸೊನ್ನೆ. ಅದರ ಮುಂದೆ 'ಬಳಕೆ ಇಲ್ಲ, ತೆಗೆಯಬಹುದು' ಅಂತ ಬರೆದು ಮೀಟಿಂಗಿನಲ್ಲಿ ತೋರಿಸಿದೆ. ಎಲ್ಲರೂ ತಲೆಯಾಡಿಸಿದರು.

ನಾನು ನಾರ್ಟನ್ ಬ್ರಿಡ್ಜ್‌ಗೆ ಹೋಗಿಬಂದ ವಾರ ಅಕೌಂಟ್ಸಿನ ಒಬ್ಬರು ನನ್ನ ಮೇಜಿನ ಹತ್ತಿರ ಬಂದರು. ಪಟ್ಟಿ ಅವರ ಕೈಯಲ್ಲಿತ್ತು. "ಈ ರಿಪೋರ್ಟ್ ಇನ್ನೂ ಇದೆಯಾ? ಎಲ್ಲಿದೆ? ನಾನು ಒಂದು ವರ್ಷದಿಂದ ತಿಂಗಳ ಕೊನೆಗೆ ಎರಡು ದಿನ ಕೂತು ಕೈಯಲ್ಲೇ ಇದನ್ನು ಮಾಡ್ತಾ ಇದ್ದೀನಿ."

ಹುಡುಕಿ ನೋಡಿದರೆ ಪುಟ ಸರಿಯಾಗೇ ಇದೆ. ಮೆನುವಿನಿಂದ ಅದಕ್ಕೆ ಹೋಗುವ ಲಿಂಕೇ ಇಲ್ಲ. ವರ್ಷದ ಹಿಂದೆ ಮೆನು ಚೊಕ್ಕ ಮಾಡುವಾಗ ಹಾರಿಹೋಗಿದೆ. ಚೊಕ್ಕ ಮಾಡಿದ್ದು ನಮ್ಮದೇ ತಂಡ. ನಾನು ಆಗ ಬೆಂಗಳೂರಿನಲ್ಲಿ ಕೂತು ಅದೇ ಕೆಲಸ ಮಾಡ್ತಿದ್ದೆ. ಸೇತುವೆ ಬಿಚ್ಚಿದವರೂ ನಾವೇ, ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ ತಲೆ ಎಣಿಸಿ ಸೊನ್ನೆ ಅಂದವರೂ ನಾವೇ. ಅವರನ್ನು ನೋಡೋಕೆ ನಾಚಿಕೆಯಾಯ್ತು. ಯಾಕೆ ದೂರು ಕೊಡಲಿಲ್ಲ ಅಂತ ಕೇಳಿದ್ದಕ್ಕೆ, "ತೆಗೆದುಹಾಕಿದ್ದೀರಿ ಅಂದುಕೊಂಡೆ" ಅಂದರು.

ಈ ಮಾತು ನಾನು ಮೊದಲೂ ಕೇಳಿದ್ದೆ, ಕನ್ನಡದಲ್ಲಿ.

ನಮ್ಮೂರ ಹತ್ತಿರ ಮೀಟರ್‌ಗೇಜ್ ಕಾಲದ ಒಂದು ಹಾಲ್ಟ್ ಇತ್ತು. ಹೆಸರು ಹೇಳಲ್ಲ, ಹೇಳಿದರೂ ನಿಮಗೆ ಗೊತ್ತಾಗಲ್ಲ. ಒಂದು ಹೆಂಚಿನ ಮಾಡು, ಒಂದು ಕಲ್ಲಿನ ಕಟ್ಟೆ, ಹಿಂದೆ ದೊಡ್ಡ ಹಲಸಿನ ಮರ. ಅಲ್ಲಿಂದ ಎರಡು ಸ್ಟೇಷನ್ ಆಚೆ ಅಜ್ಜಿಯ ತಂಗಿಯ ಮನೆ. ನಾವು ಅವರನ್ನು ಸಣ್ಣಜ್ಜಿ ಅಂತಿದ್ದೆವು. ಅಜ್ಜಿ ವಾರಕ್ಕೊಮ್ಮೆ ಬೆಳಿಗ್ಗೆ ಹೊರಟು ಸಂಜೆ ಬರುತ್ತಿದ್ದರು. ಕೈಚೀಲದಲ್ಲಿ ಹೋಗುವಾಗ ಮಿಡಿ ಉಪ್ಪಿನಕಾಯಿ, ಬರುವಾಗ ಹಲಸಿನ ಹಪ್ಪಳ. ಎರಡೂ ಮನೆಯಲ್ಲಿ ಎರಡೂ ಇತ್ತು, ಆದರೂ ಹೊತ್ತುಕೊಂಡು ಓಡಾಡೋರು. ರಜೆ ಇದ್ದರೆ ನಾನೂ ಜೊತೆಗೆ. ಟಿಕೆಟ್ ತಗೊಳ್ಳೋದು ನನ್ನ ಕೆಲಸ, ಆ ದಪ್ಪ ರಟ್ಟಿನ ಟಿಕೆಟ್ಟು ಎಷ್ಟೋ ದಿನ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ.

ಗೇಜ್ ಬದಲಾಯಿಸುತ್ತಾರೆ ಅಂತ ರೈಲು ನಿಂತಿತು. ಸ್ವಲ್ಪ ದಿನದ ಮಾತು ಅಂದರು, ವರ್ಷಗಳಾದವು. ದೊಡ್ಡ ಹಳಿ ಬಂತು, ದೊಡ್ಡ ರೈಲೂ ಬಂತು. ನಮ್ಮ ಹಾಲ್ಟಿನಲ್ಲಿ ನಿಲ್ಲಲಿಲ್ಲ. ಮುಚ್ಚಿದ್ದೇವೆ ಅಂತ ಯಾರೂ ಹೇಳಲಿಲ್ಲ. ಹೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ. ಅಜ್ಜಿ ಮಾತ್ರ ಬಹಳ ದಿನ "ರೈಲು ಶುರುವಾಗ್ಲಿ, ಹೋಗಿ ಬರ್ತೀನಿ" ಅಂತಿದ್ದರು. ಬಸ್ಸಿನಲ್ಲಿ ಹೋಗೋದಾದರೆ ಎರಡು ಕಡೆ ಬದಲಾಯಿಸಬೇಕು. ತಿರುವಿನ ರಸ್ತೆಯಲ್ಲಿ ಅಜ್ಜಿಗೆ ವಾಂತಿ. ವಾರಕ್ಕೊಮ್ಮೆ ಇದ್ದದ್ದು ಹಬ್ಬಕ್ಕೊಮ್ಮೆ ಆಯ್ತು, ಆಮೇಲೆ ಮದುವೆ ಮುಂಜಿಗೆ. ಕೊನೆಯ ಸಲ ಹೋಗಿದ್ದು ಬಾಡಿಗೆ ಓಮ್ನಿಯಲ್ಲಿ, ಸಣ್ಣಜ್ಜಿ ತೀರಿಕೊಂಡ ದಿನ.

ನಮ್ಮ ಹೊಸನಗರ ತಾಲ್ಲೂಕಿನ ಅರಸಾಳು ಸ್ಟೇಷನ್ನಿನ ಹಳೇ ಕಟ್ಟಡಕ್ಕೆ ಅದೃಷ್ಟ ಇತ್ತು. ಶಂಕರ್‌ನಾಗ್ ಮಾಲ್ಗುಡಿ ಡೇಸ್ ತೆಗೆದಾಗ ಅದೇ ಮಾಲ್ಗುಡಿ ಸ್ಟೇಷನ್ ಆಗಿತ್ತಲ್ಲ, ಹಾಗಾಗಿ ಪಾಳುಬಿದ್ದಿದ್ದನ್ನು ದುರಸ್ತಿ ಮಾಡಿ 2020ರಲ್ಲಿ ಮ್ಯೂಸಿಯಂ ಮಾಡಿದರು. ಚೆನ್ನಾಗಿದೆ, ಆ ಕಡೆ ಹೋದಾಗ ನೋಡಿ. ನಮ್ಮ ಹಾಲ್ಟಿನಲ್ಲಿ ಯಾರೂ ಶೂಟಿಂಗ್ ಮಾಡಿರಲಿಲ್ಲ.

ಮೆನುವಿನಲ್ಲಿ ಲಿಂಕ್ ವಾಪಸ್ ಹಾಕಿದೆ. ನನ್ನ ಪಟ್ಟಿಯಲ್ಲಿ ಸೊನ್ನೆ ಇದ್ದ ಬಾಕಿ ಪುಟಗಳನ್ನೂ ಒಂದೊಂದಾಗಿ ತೆರೆದು, ಅಲ್ಲಿಗೆ ಹೋಗೋಕೆ ದಾರಿ ಇದೆಯಾ ಅಂತ ನೋಡಿದೆ. ಇನ್ನೂ ನಾಲ್ಕಕ್ಕೆ ದಾರಿ ಇರಲಿಲ್ಲ. ಮ್ಯಾನೇಜರು ಇದೆಲ್ಲ ಪ್ಲಾನಿನಲ್ಲಿ ಇರಲಿಲ್ಲವಲ್ಲ ಅಂದರು. ಇರಲಿಲ್ಲ ಅಂದೆ. ಎರಡು ವಾರ ತಡವಾಗುತ್ತೆ ಅಂತಲೂ ಹೇಳಿದೆ. ಅವರಿಗೆ ಅಷ್ಟೇನೂ ಖುಷಿಯಾಗಲಿಲ್ಲ. ಆ ನಾಲ್ಕರಲ್ಲಿ ಮೂರನ್ನು ಕೊನೆಗೂ ತೆಗೆದೆವು. ತೆಗೆಯುವ ಮೊದಲು ಬಳಸಬಹುದಾದ ಎಲ್ಲರಿಗೂ ಒಂದು ಮೇಲ್ ಬರೆದು ಕಾದೆವು. ಇಬ್ಬರು ಉತ್ತರ ಬರೆದರು.

ಭಾನುವಾರ ಅಜ್ಜಿಗೆ ಫೋನ್ ಮಾಡಿದಾಗ ನಾರ್ಟನ್ ಬ್ರಿಡ್ಜ್ ಕಥೆಯೆಲ್ಲ ಹೇಳಿದೆ. ಅಜ್ಜಿಗೆ ಈಗ ಎಂಬತ್ತೆರಡು. ಕಿವಿ ಸ್ವಲ್ಪ ಮಂದ, ಜೋರಾಗಿ ಹೇಳಬೇಕು. ಪಕ್ಕದ ರೂಮಿನವನಿಗೂ ಕೇಳಿಸಿರುತ್ತೆ.

"ಊರವರನ್ನ ಕೇಳಿದ್ರಂತಾ? ಮುಚ್ಚಲಾ ಬೇಡ್ವಾ ಅಂತ?"

"ಹೂಂ ಅಜ್ಜಿ. ಪೇಪರಲ್ಲಿ ಹಾಕಿ, ಮೂರು ತಿಂಗಳು ಕಾದು."

"ಆಮೇಲೂ ಮುಚ್ಚಿದ್ರಾ?"

"ಮುಚ್ಚಿದ್ರು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಲೈನು ಕಟ್ಟಾಯಿತೇನೋ ಅಂದುಕೊಂಡೆ.

"ಅಲ್ಲ ಮಾರಾಯ, ನಮ್ಮದನ್ನ ಯಾರೂ ಬಂದು ಕೇಳಿಲ್ಲ ಅಲ್ವಾ?"

"ಇಲ್ಲ."

"ಹಂಗಾದ್ರೆ ಅದು ಇನ್ನೂ ಮುಚ್ಚಿಲ್ಲ ಅಂತಾಯ್ತು" ಅಂದರು. ಆಮೇಲೆ ನನ್ನ ನೆಗಡಿ ಹೇಗಿದೆ ಅಂತ ಕೇಳಿ, ಕಾಳುಮೆಣಸಿನ ಕಷಾಯ ಮಾಡೋದು ಹೇಗೆ ಅಂತ ಇನ್ನೊಮ್ಮೆ ಮೊದಲಿಂದ ಹೇಳೋಕೆ ಶುರುಮಾಡಿದರು.